ಯಂತ್ರ ತೋರಿಸಿದ ಎಂಬತ್ತೆರಡು

ಹದಿನೆಂಟು ವರ್ಷದ ಲಿಫ್ಟ್ ರಿಪೇರಿ ಕಸುಬು ಅವನ ತಲೆಗೆ ತುಂಬಿದ್ದು ಒಂದೇ ಪಾಠ: ಕೆಂಪು ದೀಪ ಹೊತ್ತಿದರೆ ಮೊದಲು ಎಲ್ಲವನ್ನೂ ನಿಲ್ಲಿಸು, ಆಮೇಲೆ ಯೋಚಿಸು. ಹೆರಿಗೆ ಕೋಣೆಗೂ ಅವನು ಅದೇ ಬುದ್ಧಿ ಹೊತ್ತುಕೊಂಡು ಹೋದ.

ಹೆಂಡತಿ ಬಸ್ ಕಂಡಕ್ಟರ್. ದಿನವಿಡೀ ನಿಂತೇ ಅಭ್ಯಾಸ. ಬೆಳಿಗ್ಗೆ ನೋವು ಶುರುವಾಗಿ ಆಸ್ಪತ್ರೆಗೆ ಬಂದರೆ, ಅವಳನ್ನು ಮಲಗಿಸಿ, ಹೊಟ್ಟೆಗೆ ಪಟ್ಟಿ ಬಿಗಿದು, ಮಗುವಿನ ಎದೆಬಡಿತ ತೋರಿಸುವ ಯಂತ್ರಕ್ಕೆ ಜೋಡಿಸಿದರು. ಅವಳು ಹಲ್ಲು ಕಚ್ಚಿದಾಗೆಲ್ಲ ಗಂಡ ಯಂತ್ರದ ಕಡೆ ತಿರುಗಿ, "ನೂರ ನಲವತ್ತು! ಭೇಷ್!" ಎನ್ನುತ್ತಿದ್ದ.

"ಹೆರ್ತಿರೋದು ನಾನು, ಭೇಷ್ ಅನ್ನೋದು ಅದಕ್ಕಾ?" ಎಂದಳು ಅವಳು.

ಅವಳು ಮಗ್ಗುಲು ಬದಲಿಸಿದ್ದೇ ತಡ, ಅಂಕಿ ಎಂಬತ್ತೆರಡಕ್ಕೆ ಕುಸಿಯಿತು. ಯಂತ್ರ ಕಿರುಚಿತು, ಅದಕ್ಕಿಂತ ಜೋರಾಗಿ ಅವನು. ಕಾರಿಡಾರಿಗೆ ಓಡಿ, ಎದುರಿಗೆ ಸಿಕ್ಕ ಕಸ ಗುಡಿಸುವವಳಿಗೇ ಕೈಮುಗಿದು, "ಆಪರೇಷನ್ ಮಾಡ್ಬಿಡಿ, ಈಗ್ಲೇ!" ಎಂದ. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ ಹಿರಿಯ ನರ್ಸನ್ನು ಕರೆತಂದಳು.

ನರ್ಸು ಹೆಂಡತಿಯ ನಾಡಿ ಹಿಡಿದು ಗಡಿಯಾರ ನೋಡಿದರು. "ಎಂಬತ್ತೆರಡು. ಇದು ನಿಮ್ಮ ಹೆಂಡ್ತಿ ಎದೆಬಡಿತ ಕಣಪ್ಪಾ. ಪಟ್ಟಿ ಜಾರಿದೆ." ಸರಿಪಡಿಸಿದ ಕೂಡಲೇ ನೂರ ನಲವತ್ತು ಮರಳಿತು.

"ಹಂಗಾದ್ರೆ ಈ ಮಿಷಿನ್ನು ದಂಡವಾ?"

"ದಂಡ ಯಾಕೆ? ಬಿಪಿ, ಶುಗರ್ ಇರೋರಿಗೆ, ನೋವು ಬರ್ಸೋಕೆ ಡ್ರಿಪ್ ಹಾಕಿರೋರಿಗೆ ಇದು ಬೇಕು. ಇವರಿಗೆ ಅಂಥದ್ದೇನೂ ಇಲ್ಲ. ಕಾಲುಗಂಟೆಗೊಮ್ಮೆ ನಾನು ಬಂದು ಕೇಳಿಸ್ಕೊಂಡ್ರೆ ಸಾಕು. ಸುಮ್ನೆ ಕಟ್ಟಿಟ್ರೆ ಅದು ಹೆದರ್ಸುತ್ತೆ, ನಾವು ಹೆದರ್ತೀವಿ, ಬೇಡದ ಆಪರೇಷನ್ನೂ ಆಗ್ಬಿಡುತ್ತೆ. ಏನ್ಮಾಡೋಣ, ಹೇಳಿ?"

ಗಂಡ ಬಾಯಿ ತೆರೆದ.

"ನಿಮ್ಮನ್ನಲ್ಲ," ಎಂದರು ನರ್ಸು.

"ಬಿಚ್ಚಿ ಸಿಸ್ಟರ್," ಎಂದಳು ಹೆಂಡತಿ. "ಬೇಕಾದ್ರೆ ಇವರನ್ನ ಕಟ್ಟಿಹಾಕಿ."

ಅವಳು ಕಾರಿಡಾರಿನುದ್ದ ನಡೆದಳು. ಅವನು ಅಡ್ಡ ಬಂದಾಗೆಲ್ಲ, "ಮುಂದೆ ಹೋಗಿ, ಮುಂದೆ ಜಾಗ ಇದೆ," ಎಂದು ತಳ್ಳಿದಳು. ನರ್ಸು ಹೇಳಿದ ಹೊತ್ತಿಗೆ ಬಂದು, ಕೈಯಲ್ಲಿ ಹಿಡಿಯುವ ಪುಟ್ಟ ಉಪಕರಣವನ್ನು ಹೊಟ್ಟೆಗಿಟ್ಟು ಕೇಳಿ ಹೋಗುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಮಾತ್ರ ಅವರು ಎಂದಿಗಿಂತ ಹೆಚ್ಚು ಹೊತ್ತು ಕೇಳಿದರು. ನೋವು ಇಳಿದ ಮೇಲೂ ಮಗುವಿನ ಬಡಿತ ನಿಧಾನವಾಗಿಯೇ ಇತ್ತು. "ಈಗ ಪಟ್ಟಿ ಬೇಕಮ್ಮಾ," ಎಂದು ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಕಟ್ಟಿದರು, ಡಾಕ್ಟರಿಗೂ ಹೇಳಿ ಕಳಿಸಿದರು. ಈ ಸಲ ಗಂಡ ಕಿರುಚಲಿಲ್ಲ. ಹೆಂಡತಿಯ ಕೈ ಹಿಡಿದು ನಿಂತ. ಇಪ್ಪತ್ತು ನಿಮಿಷದಲ್ಲಿ, ಯಂತ್ರ ಕಾಗದದ ಮೇಲೆ ಎಳೆಯುತ್ತಿದ್ದ ಬಡಿತದ ಗೆರೆ ಸರಿಹೋಯಿತು. ಡಾಕ್ಟರು ಕಾಗದದ ಸುರುಳಿ ನೋಡಿ, "ಕಾಯೋಣ," ಎಂದರು.

ಐದಕ್ಕೆ ಮುಂಚೆ, ಕೊಯ್ಯದೆಯೇ, ಹೆಣ್ಣುಮಗು ಹುಟ್ಟಿತು. ಅವನು ಅಮ್ಮನಿಗೆ ಫೋನ್ ಹಚ್ಚಿದ. ಆ ಕಡೆಯಿಂದ "ಹಲೋ" ಕೇಳಿದ್ದೇ ಅತ್ತುಬಿಟ್ಟ. ಹೆಂಡತಿ ಫೋನ್ ಕಿತ್ತುಕೊಂಡಳು.

"ಅತ್ತೇ, ಹೆಣ್ಣು. ನಾವಿಬ್ರೂ ಆರಾಮಾಗಿದೀವಿ. ನಿಮ್ಮ ಮಗನಾ? ಸ್ವಲ್ಪ ಸುಸ್ತಾಗಿದಾರೆ, ಪಾಪ."