ಫ್ರೀಜರಿನಲ್ಲಿ ಕೋಳಿಗರಿ, ಪಕ್ಕದಲ್ಲಿ ಧಾರೆ ಸೀರೆ

ಬೀರುವಿನ ಬಾಗಿಲು ತೆಗೆದಾಗ ಗೋಧಿ ಬಣ್ಣದ ಪುಟ್ಟ ಪತಂಗವೊಂದು ಹೊರಗೆ ಬಂದು, ಟ್ಯೂಬ್‌ಲೈಟಿನತ್ತ ಹೋಗದೆ, ಮತ್ತೆ ನನ್ನ ಹೆಂಡತಿಯ ರೇಷ್ಮೆ ಸೀರೆಗಳ ಮಡಿಕೆಯೊಳಗೇ ನುಸುಳಿತು. ದೀಪಕ್ಕೆ ಮುತ್ತುವ ಹುಳವಾಗಿದ್ದರೆ ನಾನೂ ನೆಮ್ಮದಿಯಾಗಿರುತ್ತಿದ್ದೆ. ಕತ್ತಲಿಗೆ ಓಡುವ ಹುಳದ ಮರಿಗಳೇ ರೇಷ್ಮೆ, ಉಣ್ಣೆ, ಗರಿ ತಿನ್ನುವುದು. ಅದು ಎಲ್ಲಿಂದ ಬಂತು ಎಂಬುದಕ್ಕೆ ತನಿಖೆಯೇನೂ ಬೇಕಿರಲಿಲ್ಲ. ಕೆಳಗಿನ ಖಾನೆಯಲ್ಲಿ ನನ್ನ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬವಿತ್ತು.

ಆ ಡಬ್ಬದಲ್ಲಿದ್ದದ್ದು ನೊಣಗಳು. ನಿಜವಾದವಲ್ಲ; ಗಾಳದ ಕೊಕ್ಕೆಗೆ ಕೋಳಿಗರಿ, ಮೊಲದ ತುಪ್ಪಳ, ದಾರ ಸುತ್ತಿ, ಮೀನಿಗೆ ನೊಣವೆಂದು ನಂಬಿಸಲು ನಾನೇ ಕಟ್ಟಿದವು. ಪೀಣ್ಯದ ನಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ತಂತ್ರಜ್ಞನೊಬ್ಬ ಸಂಜೆ ಹೊತ್ತು ಹೇಳಿಕೊಟ್ಟು ಹೋದ ವಿದ್ಯೆ. ಎರೆಹುಳ ಮುಟ್ಟಲು ಹೇಸುವ, ಮೀನು ತಿನ್ನದ ನನ್ನಂಥವನಿಗೆ ಹೇಳಿ ಮಾಡಿಸಿದ ಹವ್ಯಾಸ. ಭಾನುವಾರ ಮಾಗಡಿ ಕಡೆಯ ಕೆರೆಗೆ ಹೋಗಿ, ಸಿಕ್ಕಿದ್ದನ್ನು ನೀರಿಗೇ ಬಿಟ್ಟು ಬರುತ್ತಿದ್ದೆ. ಎಷ್ಟೋ ಸಲ ಬಿಡುವ ಶ್ರಮವನ್ನೂ ಮೀನುಗಳು ಕೊಡುತ್ತಿರಲಿಲ್ಲ.

ಡಬ್ಬ ತೆರೆದರೆ ಅರ್ಧ ನೊಣಗಳಿಗೆ ರೆಕ್ಕೆಯೇ ಇಲ್ಲ, ತಳದಲ್ಲಿ ಹುಡಿ. ಮೀನುಗಳು ಮೂಸಿಯೂ ನೋಡದ ನನ್ನ ಕೈಕೆಲಸವನ್ನು ಮೆಚ್ಚಿ ತಿಂದ ಮೊದಲ ಜೀವಿ ಆ ಹುಳ. ನೊಣ ಕಟ್ಟಲೆಂದು ಇಟ್ಟುಕೊಂಡಿದ್ದ, ಕಪ್ಪು ಬಿಳಿ ಪಟ್ಟೆಗರಿಯ ಹುಂಜದ ಕುತ್ತಿಗೆ ಮಾತ್ರ ಹೇಗೋ ಉಳಿದಿತ್ತು. ಲಗ್ಗೆರೆಯ ಸಹೋದ್ಯೋಗಿಯೊಬ್ಬರು ತಮ್ಮ ಊರಿನಿಂದ ನನಗೆಂದೇ ಚರ್ಮ ಸಮೇತ ಉಪ್ಪು ಹಾಕಿ ಒಣಗಿಸಿ ತಂದುಕೊಟ್ಟದ್ದು. ಅಂಥ ಗರಿ ಮತ್ತೆ ಸಿಗುವುದಿಲ್ಲವೆಂದು ಒಂದು ಎಳೆಯನ್ನೂ ಕೀಳದೆ ಕಾಪಾಡಿಕೊಂಡು ಬಂದಿದ್ದೆ.

ಹೆಂಡತಿ ಸೀರೆಗಳನ್ನೆಲ್ಲ ಮಂಚದ ಮೇಲೆ ಸುರಿದು, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತೂತು ಕಾಣಲಿಲ್ಲ. ಆಮೇಲೆ ತೀರ್ಪು ಬಂತು.

"ಮುಂದಿನ ತಿಂಗಳು ಅಕ್ಕನ ಮಗಳ ಮದುವೆ. ಧಾರೆ ಸೀರೆ ಉಡ್ತೀನಿ ಅಂತ ಎಲ್ಲರಿಗೂ ಹೇಳಾಗಿದೆ. ಅದರಲ್ಲಿ ಒಂದು ತೂತು ಕಂಡ್ರೂ ನಿಮ್ಮ ಕೋಳಿ, ಮೊಲ, ಗಾಳ ಎಲ್ಲಾ ಕಸದ ಗಾಡಿಗೆ. ಗೊತ್ತಾಯ್ತೇನ್ರೀ?"

ಗೊತ್ತಾಯಿತು. ನುಸಿಗುಳಿಗೆ ಹಾಕಬಹುದಿತ್ತು, ಆದರೆ ಹಿಂದೊಮ್ಮೆ ಹಾಕಿದಾಗ ಅದರ ಆವಿಗೆ ಪ್ಲಾಸ್ಟಿಕ್ ಡಬ್ಬದ ತಳ ಮೆತ್ತಗಾಗಿ, ನೊಣಗಳೆಲ್ಲ ಹಲಸಿನ ಅಂಟಿಗೆ ಬಿದ್ದಂತೆ ಕೂತುಬಿಟ್ಟಿದ್ದವು. ನಮ್ಮ ದಾಸರಹಳ್ಳಿಯ ಸೈಬರ್ ಸೆಂಟರಿನಲ್ಲಿ ಕೂತು ಬೇರೆ ಉಪಾಯ ಹುಡುಕಿದೆ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಕೆಲವು ದಿನ ಬಿಟ್ಟು ಹೊರಗೆ ತೆಗೆಯಿರಿ, ಮತ್ತೆ ಒಳಗಿಡಿ. ಕಣ್ಣಿಗೆ ಕಾಣದ ಮೊಟ್ಟೆಯೂ ಸಾಯುತ್ತದೆ ಎಂದಿತ್ತು.

ಫ್ರಿಜ್ಜು ಅಮ್ಮನ ಸುಪರ್ದಿಯಲ್ಲಿತ್ತು. ಈರುಳ್ಳಿಯನ್ನೇ ಅದರೊಳಗೆ ಬಿಡದವಳು ಅಮ್ಮ.

"ಕೋಳಿ ಕುತ್ತಿಗೇನ ಹಾಲಿನ ಪಕ್ಕ ಇಡ್ತೀಯೇನೋ?"

"ಬರೀ ಗರಿ ಅಮ್ಮ. ದೇವರ ಮನೇಲಿ ನವಿಲುಗರಿ ಇಟ್ಟಿಲ್ವಾ?"

"ನವಿಲುಗರಿಗೆ ಕುತ್ತಿಗೆ ಅಂಟ್ಕೊಂಡಿಲ್ಲ ಕಣೋ."

ಮಾರನೆಯ ದಿನ ಕ್ಯಾಂಟೀನಿನಲ್ಲಿ ಲಗ್ಗೆರೆಯವರನ್ನು ಕೇಳಿದೆ, ಅವರ ಮನೆಯ ಫ್ರಿಜ್ಜಿನಲ್ಲಿ ಜಾಗವಿದೆಯೇ ಎಂದು.

"ಜಾಗ ಐತೆ ಸಾರ್. ಆದ್ರೆ ನಮ್ಮತ್ತೆ ಬಂದವ್ರೆ. ಫ್ರಿಜ್ಜಲ್ಲಿ ಕೋಳಿ ಕಂಡ್ರೆ ಮಸಾಲೆ ಅರೆಯೋಕ್ ಕೂತ್ಬಿಡ್ತಾರೆ. ಆಮೇಲೆ ನನ್ನ ಕೇಳ್ಬೇಡಿ."

ಕೊನೆಗೆ ದಾರಿ ಹುಡುಕಿದವಳು ಹೆಂಡತಿಯೇ. ಕಾಣದ ಮೊಟ್ಟೆಯ ಸುದ್ದಿ ಅವಳ ತಲೆಯಲ್ಲಿ ಕೂತಿತ್ತು. "ಹಾಗಾದ್ರೆ ನನ್ನ ಸೀರೆನೂ ಫ್ರೀಜರಿಗೆ ಹೋಗ್ಲಿ," ಎಂದವಳು ಅಮ್ಮನ ಕಡೆ ತಿರುಗಿ ಮೆತ್ತಗೆ ಹೇಳಿದಳು, "ಅತ್ತೆ, ನಿಮ್ಮ ಮಡಿ ಸೀರೆ ಇರೋದೂ ಅದೇ ಬೀರುವಲ್ಲೇ."

ಅಮ್ಮ ಫ್ರಿಜ್ಜಿನ ಬಾಗಿಲು ತೆಗೆದು ಐಸ್ ಟ್ರೇ ಹೊರಗಿಟ್ಟಳು. "ನನ್ನದನ್ನ ಬಿಸಿಲಿಗೆ ಹಾಕು, ಕೋಳಿ ಜೊತೆ ಬೇಡ. ಆ ಕುತ್ತಿಗೆ ಸ್ಟೀಲ್ ಡಬ್ಬೀಲಿರ್ಲಿ. ಆಮೇಲೆ ಆ ಡಬ್ಬಿ ನನ್ನ ಅಡುಗೆಮನೆ ಕಡೆ ತಲೆ ಹಾಕ್ಬಾರ್ದು."

ಹೀಗೆ ಹುಂಜವೂ ಧಾರೆ ಸೀರೆಯೂ ಐಸ್ ಟ್ರೇ ತೆಗೆದ ಜಾಗದಲ್ಲಿ ಅಕ್ಕಪಕ್ಕ ಮಲಗಿದವು. ಬೇಸಿಗೆಯಾದ್ದರಿಂದ ಕರೆಂಟು ಹೋಗುತ್ತಿತ್ತು. ಫ್ರಿಜ್ಜಿನ ಗುರ್ ಸದ್ದು ನಿಂತಾಗಲೆಲ್ಲ ನಾನು ಬಾಗಿಲು ತೆಗೆದು ಚೀಲ ಮುಟ್ಟಿ ನೋಡುತ್ತಿದ್ದೆ.

"ಕರೆಂಟಿನವರಿಗಿಂತ ನೀವೇ ಜಾಸ್ತಿ ಬಿಸಿ ಮಾಡ್ತಿದೀರ," ಎಂದಳು ಹೆಂಡತಿ.

ಹೊರಗೆ ತೆಗೆದು ಮತ್ತೆ ಇಡುವ ಕೆಲಸವನ್ನು ದಾಸರಹಳ್ಳಿಯ ಕರೆಂಟೇ ವಹಿಸಿಕೊಂಡಿದೆಯೆಂದು ಸಮಾಧಾನ ಮಾಡಿಕೊಂಡೆ. ಆದರೂ ನಂಬಿಕೆ ಸಾಲದೆ ಒಮ್ಮೆ ನಾನೇ ತೆಗೆದು ಇಟ್ಟೆ. ಮದುವೆಗೆ ಎರಡು ದಿನ ಮುಂಚೆ ಸೀರೆ ಹೊರಬಂದಾಗ ಚೀಲ ಬಿಚ್ಚಲು ಬಿಡಲಿಲ್ಲ. ತಣ್ಣಗಿರುವಾಗ ಬಿಚ್ಚಿದರೆ ಮೇಲೆ ನೀರು ಕೂತು ಜರಿ ಕಪ್ಪಾದೀತೆಂದು ಕಾವಲು ಕೂತೆ. ಅವಳು ನನ್ನನ್ನೂ ಚೀಲವನ್ನೂ ಒಂದೇ ದೃಷ್ಟಿಯಲ್ಲಿ ನೋಡುತ್ತಿದ್ದಳು.

ಛತ್ರದಲ್ಲಿ ವಿಡಿಯೋದವನ ದೀಪ ಅವಳ ಬೆನ್ನಿಗೆ ಬಿದ್ದಾಗಲೆಲ್ಲ ಸೆರಗಿನಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೆಯೇ ಎಂದು ನೋಡುತ್ತ, ಅವಳು ಹೋದಲ್ಲೆಲ್ಲ ಹಿಂದೆಯೇ ಹೋದೆ. ಅವಳ ಅಕ್ಕ ಇದನ್ನು ಗಮನಿಸಿಬಿಟ್ಟರು.

"ನೋಡೇ, ನಿನ್ನ ಯಜಮಾನ್ರು ನಿನ್ನ ಮೇಲಿಂದ ಕಣ್ಣೇ ತೆಗೀತಿಲ್ಲ! ನಮ್ಮನೆಯವ್ರಿಗೆ ನಾನು ಉಟ್ಟಿರೋದು ಸೀರೆನೋ ಚಾಪೆನೋ ಗೊತ್ತಿಲ್ಲ."

ಹೆಂಡತಿ ಅವರತ್ತ ನಾಚಿದಂತೆ ನಕ್ಕು, ನನ್ನ ಕಿವಿಯ ಬಳಿ ಹೇಳಿದಳು, "ಬೆಳಿಗ್ಗೇನೇ ಕಿಟಕಿಗೆ ಹಿಡಿದು ನೋಡಿದೀನಿ. ಒಂದೂ ತೂತಿಲ್ಲ. ನಿಮ್ಮ ಕೋಳಿ ಬದುಕ್ತು. ಹೋಗಿ ಊಟಕ್ಕೆ ಜಾಗ ಹಿಡೀರಿ."

ಹೋಳಿಗೆ ಬಂತು, ತುಪ್ಪ ಬಂತು. ಇನ್ನು ಕಾಪಾಡಿದ್ದು ಸಾಕು, ಭಾನುವಾರ ಆ ಕುತ್ತಿಗೆಯಿಂದ ಮೊದಲ ಗರಿ ಕಿತ್ತು ನೊಣ ಕಟ್ಟಿಯೇಬಿಡುವುದೆಂದು ತೀರ್ಮಾನಿಸಿದೆ. ಪಕ್ಕದ ಎಲೆಯ ಹಿರಿಯರು ಹೋಳಿಗೆಗೆ ಕೈ ಚಾಚಿದರು. ಬೇಸಿಗೆಯಲ್ಲೂ ಹೊದ್ದಿದ್ದ ಅವರ ಉಣ್ಣೆ ಶಾಲಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ತೂತು.

ಹೆಂಡತಿಯ ಸೀರೆ ಆ ಕಡೆ ಬರುವ ಮೊದಲೇ ನಾನೆದ್ದು ಅವಳಿಗೆ ದೂರದ ಸಾಲಿನಲ್ಲಿ ಜಾಗ ಹಿಡಿದೆ.