ಗರಡಿಯ ಮೂರು ಮೆಟ್ಟಿಲು

ಬಂಕಾಪುರದ ನಮ್ಮ ಗರಡಿಮನೆ ಒಂದೇ ದಿನಕ್ಕೆ ಹಾಳಾಗಲಿಲ್ಲ. ಅದಕ್ಕೆ ಹದಿನೈದು ವರ್ಷ ಹಿಡಿಯಿತು. ಪ್ರತಿ ಸಲವೂ ನಾನು ಅಲ್ಲೇ ನಿಂತು ತಲೆಯಾಡಿಸಿದೆ. ಯಾರೋ ಹೊರಗಿನವರು ಬಂದು ಕೆಡವಿ ಹೋಗಿದ್ದರೆ ಅವರನ್ನು ಬೈದುಕೊಂಡು ಇರಬಹುದಿತ್ತು. ಈಗ ಬೈಯಬೇಕೆಂದರೆ ನನ್ನನ್ನೇ ಬೈದುಕೊಳ್ಳಬೇಕು. ಅದನ್ನೂ ಮಾಡಿ ಮಾಡಿ ಸಾಕಾಗಿದೆ.

ನಾನು ಶಿಗ್ಗಾಂವದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು. ಜೀವನವಿಡೀ ಸೀಟಿ ಊದಿದವನು. ಆದರೆ ನಾನು ಕಲಿತದ್ದೆಲ್ಲ ಆ ಗರಡಿಯಲ್ಲಿ, ವಸ್ತಾದರ ಕೈಯಲ್ಲಿ. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತೇವೆ. ನಮ್ಮ ವಸ್ತಾದರಿಗೆ ಈಗ ತೊಂಬತ್ತರ ಆಸುಪಾಸು. ಹಿರೇಕೆರೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಮೊಮ್ಮಕ್ಕಳು ಮರಿಮಕ್ಕಳ ಗದ್ದಲದ ನಡುವೆ. ಕಣ್ಣುಗಳು ಮಾತ್ರ ಪೂರಾ ಹೋಗಿವೆ.

ಹೊರಗಿನಿಂದ ನೋಡಿದವರು ಅದನ್ನು ದನದ ಕೊಟ್ಟಿಗೆ ಎಂದುಕೊಳ್ಳುತ್ತಿದ್ದರು. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಾಗಿಲು ಎಷ್ಟು ಗಿಡ್ಡವೆಂದರೆ, ಕುಳ್ಳನಾದ ನಾನೂ ನಡು ಬಗ್ಗಿಸಿಯೇ ಒಳಗೆ ಹೋಗಬೇಕು. ಬಗ್ಗಿದ ಕೂಡಲೇ ಮೂರು ಮೆಟ್ಟಿಲು ಕೆಳಗೆ. ಅಖಾಡ ರಸ್ತೆಯ ಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಕಿಟಕಿಗಳಿರಲಿಲ್ಲ. ಮಾಳಿಗೆಯ ಕೆಳಗೆ ಗೇಣಗಲದ ನಾಲ್ಕು ಕಿಂಡಿಗಳಷ್ಟೇ. ನಡುವೆ ಕೆಂಪು ಮಣ್ಣು. ಅದಕ್ಕೆ ಮಜ್ಜಿಗೆ, ಅರಿಷಿಣ, ನಿಂಬೆರಸ, ಎಳ್ಳೆಣ್ಣೆ ಬೆರೆಸಿ ದಿನಾ ಬೆಳಿಗ್ಗೆ ಸಲಿಕೆ ಹಾಕಿ ತಿರುವಿ, ತುಳಿದು ಹದ ಮಾಡುತ್ತಿದ್ದೆವು. ಕೋಟೆಯ ಕಡೆಯಿಂದ ನವಿಲು ಕೂಗುವ ಹೊತ್ತಿಗೆ ನಮ್ಮ ಮೈಯೆಲ್ಲ ಬೆವರು. ಬಿರುಬೇಸಿಗೆಯಲ್ಲೂ ಆ ಮಣ್ಣಿಗೆ ಬೆನ್ನು ಹಚ್ಚಿದರೆ ತಂಪು. ಸೋತು ಬಿದ್ದವನಿಗೂ ಏಳಲು ಮನಸ್ಸಾಗುತ್ತಿರಲಿಲ್ಲ.

ಆ ಮಣ್ಣಿನದೊಂದು ಪದ್ಧತಿಯಿತ್ತು. ಹೊಸದಾಗಿ ಗರಡಿಗೆ ಸೇರುವವನು ತನ್ನ ಹೊಲದಿಂದ ಒಂದು ಬುಟ್ಟಿ ಮಣ್ಣು ತರಬೇಕು. ವಸ್ತಾದರು ಅದನ್ನು ಮೂಸಿ, ಅಂಗೈಯಲ್ಲಿ ತಿಕ್ಕಿ ನೋಡಿ, ಜರಡಿ ಹಿಡಿದು ಅಖಾಡಕ್ಕೆ ಬೆರೆಸುತ್ತಿದ್ದರು. ಆಮೇಲೆಯೇ ಲಂಗೋಟಿ. ನಮ್ಮ ಹೊಲ ಇರುವುದು ತಡಸದ ಹತ್ತಿರ. ನಮ್ಮಪ್ಪ ಗೋಣಿಚೀಲದಲ್ಲಿ ಮಣ್ಣು ತುಂಬಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದ. ಕಂಡಕ್ಟರ್ ಚೀಲ ಬಿಚ್ಚಿಸಿ ನೋಡಿ, ಮಣ್ಣು ಹೊರುವ ಇವನಿಗೇನು ಹುಚ್ಚು ಎಂಬಂತೆ ಅಪ್ಪನ ಮುಖ ನೋಡಿದ್ದು ನನಗಿನ್ನೂ ನೆನಪಿದೆ.

ವಸ್ತಾದರು ಚಿಟಿಕೆ ಮಣ್ಣು ತಿಕ್ಕಿ ನಕ್ಕರು. "ಎರಿ ಮಣ್ಣೋ ಮಾರಾಯಾ ಇದು. ಮೈಗೆ ಮೆತ್ತಿದ್ರ ಬಿಡೂದಿಲ್ಲ. ಜ್ವಾಳಾ ಬೆಳಿಯಾಕ ಚೊಲೋ, ಕುಸ್ತಿಗಲ್ಲ. ಹೋಗು, ಕೆಂಪ ಮಣ್ಣ ತಗೊಂಡ ಬಾ."

ನಾನು ಅತ್ತೇ ಬಿಟ್ಟೆ. ಅಪ್ಪ ಚೀಲ ಹೊತ್ತು ವಾಪಸು ಹೊರಟ. ಆಗ ವಸ್ತಾದರು ತಡೆದು, ಚೀಲದಿಂದ ಒಂದೇ ಒಂದು ಬೊಗಸೆ ತೆಗೆದು ಅಖಾಡಕ್ಕೆ ಎರಚಿದರು. "ಇರ್ಲಿ ತಗೋ, ನಿಮ್ಮ ಹೊಲದ್ದೂ ಒಂದ ಪಾಲು" ಅಂದರು. ಮರುವಾರ ಹಾನಗಲ್ ಕಡೆಯ ಸೋದರಮಾವನ ಹೊಲದಿಂದ ಕೆಂಪು ಮಣ್ಣು ತಂದೆವು. ಸವಣೂರಿನಿಂದ ಬಂದವರದೂ ಎರೆಮಣ್ಣೇ, ಅವರದೂ ಒಂದೊಂದು ಬೊಗಸೆ. ಹಿರೇಕೆರೂರಿನವರು ಮಾತ್ರ ಚೀಲಗಟ್ಟಲೆ ಕೆಂಪು ಮಣ್ಣು ತಂದು ಮೀಸೆ ತಿರುವುತ್ತಿದ್ದರು. ಹೀಗೆ ನಾಲ್ಕು ತಾಲ್ಲೂಕಿನ ಹೊಲಗಳು ಆ ತಗ್ಗಿನಲ್ಲಿ ಸೇರಿಕೊಂಡಿದ್ದವು. ಒಳಗೆ ಇಳಿದವನು ಮೊದಲು ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಿದ್ದ. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಳಾಗಲು ಶುರುವಾದದ್ದು ಬಾಗಿಲಿನಿಂದ. ಒಂದು ಹಬ್ಬಕ್ಕೆ ದೊಡ್ಡ ಅತಿಥಿಯೊಬ್ಬರು ಬಂದರು. ಬಗ್ಗಿ ಬರ್ರಿ, ಬಗ್ಗಿ ಬರ್ರಿ ಎಂದು ನಾಲ್ಕು ಜನ ಕೂಗಿದರೂ ಕೇಳದೆ, ಫೋನಿನಲ್ಲಿ ಮಾತಾಡುತ್ತಲೇ ಒಳಗೆ ನುಗ್ಗಿ, ಚೌಕಟ್ಟಿಗೆ ಹಣೆ ಬಡಿಸಿಕೊಂಡು ಕುಳಿತರು. ಪೇಟ ಉರುಳಿ ಮಣ್ಣಿನಲ್ಲಿ ಬಿತ್ತು. ನಗು ತಡೆಯಲು ನಮಗೆ ಸಾಕುಸಾಕಾಯಿತು. ಆದರೆ ಮರುತಿಂಗಳೇ ಬಾಗಿಲು ಎತ್ತರವಾಯಿತು. ಆಗ ಗರಡಿಯ ಕಮಿಟಿಯಲ್ಲಿ ನಾನೂ ಇದ್ದೆ. ಒಂದು ಬಾಗಿಲು ತಾನೇ ಎಂದುಕೊಂಡೆ. ವಸ್ತಾದರು "ಮಾಡ್ರಿ" ಅಂದರು, ಅಷ್ಟೇ.

ಆಮೇಲೆ ಗಾಳಿ ಬೆಳಕು ಬೇಕೆಂದರು. ನಾಲ್ಕು ಕಿಂಡಿಗಳ ಜಾಗದಲ್ಲಿ ನಾಲ್ಕು ಕಿಟಕಿಗಳು ಬಂದವು. ಅದರ ಮುಂದಿನ ಮಳೆಗಾಲ ಮಾಳಿಗೆ ಸೋರಿತು. ಮಾಳಿಗೆಗೆ ಹೊಸ ಮಣ್ಣು ಮೆತ್ತಿ ಮೇಲುಮುದ್ದೆ ಹಾಕುವವರು ಸಿಗಲಿಲ್ಲವೆಂದು ಮಾಳಿಗೆ ತೆಗೆದು ತಗಡು ಹೊದಿಸಿದರು. ಇದಕ್ಕೆಲ್ಲ ನಾನೇ ಮುಂದೆ ನಿಂತವನು. ಪೇಪರಿನಲ್ಲಿ ಫೋಟೋ ಬಂದಾಗ ಅದರಲ್ಲಿ ನಾನೂ ಹಲ್ಲು ಕಿರಿದು ನಿಂತಿದ್ದೇನೆ.

ಒಂದು ಬೇಸಿಗೆ ಕಳೆಯುವುದರೊಳಗೆ ಮಣ್ಣಿನ ಹದ ಹೋಯಿತು. ಎತ್ತರದ ಬಾಗಿಲಿನಿಂದ ಬಿಸಿಗಾಳಿ ನೇರ ಒಳಗೆ. ಕಿಟಕಿಯಿಂದ ಬಿಸಿಲು, ಮೇಲೆ ತಗಡಿನ ಕಾವು. ಮಜ್ಜಿಗೆ ಸುರಿದರೂ ಎಣ್ಣೆ ಸುರಿದರೂ ಸಂಜೆಗೆ ಮಣ್ಣೆಲ್ಲ ಧೂಳು. ನೀರು ಹೊಡೆದರೆ ಕೆಸರು, ಒಣಗಿದರೆ ಹೆಂಟೆ. ಆಡುವವರ ಬೆನ್ನು ತರಚಿತು, ಕೆಮ್ಮು ಹತ್ತಿತು, ಬರುವವರು ಕಡಿಮೆಯಾದರು. ಗಿಡ್ಡ ಬಾಗಿಲು ಗಾಳಿಯನ್ನು ತಡೆಯಲೆಂದು ಇತ್ತು, ತಗ್ಗು ತಂಪಿಗೆಂದು ಇತ್ತು, ಕಿಂಡಿ ಬೆವರಿದ ಮೈಗೆ ಗಾಳಿ ಬಡಿಯಬಾರದೆಂದು ಮೇಲೆ ಇತ್ತು. ಹೆಸರು ಗೊತ್ತಿಲ್ಲದ ಯಾವನೋ ಪುಣ್ಯಾತ್ಮ ಎಲ್ಲ ವಿಚಾರ ಮಾಡಿಯೇ ಕಟ್ಟಿದ್ದ. ಇಪ್ಪತ್ತು ವರ್ಷ ಅದೇ ಮಣ್ಣಿನಲ್ಲಿ ಹೊರಳಾಡಿದ ನನಗೆ ಇದು ತಿಳಿದದ್ದು ಎಲ್ಲ ತೆಗೆದ ಮೇಲೆ. ಊರಿನವರು ಮಾತ್ರ ಕುಸ್ತಿಯ ಕಾಲ ಮುಗಿಯಿತು ಎಂದರು. ಬಾಗಿಲಿನ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರು ವರ್ಷದ ಹಿಂದೆ ಮ್ಯಾಟಿನ ಹಾಲ್ ಮಂಜೂರಾಯಿತು. ಮ್ಯಾಟಿನ ಮೇಲೆ ನನಗೆ ಸಿಟ್ಟಿಲ್ಲ. ಈಗ ಪಂದ್ಯಗಳು ನಡೆಯುವುದೇ ಅದರ ಮೇಲೆ. ನಮ್ಮ ಹುಡುಗರು ಮಣ್ಣಿನಲ್ಲಿ ಕಲಿತು ಮ್ಯಾಟಿನ ಮೇಲೆ ಜಾರಿ ಬೀಳುವುದನ್ನು ನಾನೇ ನೋಡಿ ಹಲ್ಲು ಕಚ್ಚಿದ್ದೇನೆ. ಆದರೆ ಹಿತ್ತಲಿನಲ್ಲಿ ಬೇಕಾದಷ್ಟು ಜಾಗವಿತ್ತು. ಮ್ಯಾಟು ಅಲ್ಲಿರಲಿ, ಅಖಾಡ ಇಲ್ಲಿರಲಿ ಎಂದುಕೊಂಡು ವಸ್ತಾದರ ಒಪ್ಪಿಗೆ ಕೇಳಲು ಹಿರೇಕೆರೂರಿಗೆ ಹೋದೆ.

"ಗ್ವಾಡಿ ಕೆಡವ್ರಿ, ತಗಡ ತಗೀರಿ, ಏನರ ಮಾಡ್ರಿ" ಅಂದರು. "ಮಣ್ಣಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

"ಇಲ್ರಿ ವಸ್ತಾದ್ರ. ಮಣ್ಣ ಯಾರೂ ಮುಟ್ಟೂದಿಲ್ಲ. ನಾ ಅದೇನಿ" ಅಂದೆ. ಅವರ ಕೈ ಹಿಡಿದು ಹೇಳಿದೆ.

ಮೀಟಿಂಗಿನ ದಿನ ಎಂಜಿನಿಯರು ಹರಡಿದ ನಕ್ಷೆಯಲ್ಲಿ ಹಿತ್ತಲು ಪಾರ್ಕಿಂಗ್ ಆಗಿತ್ತು. ತಗ್ಗನ್ನು ತುಂಬಿ, ನೆಲವನ್ನು ರಸ್ತೆಯ ಮಟ್ಟಕ್ಕೆ ಎತ್ತರಿಸಿ, ಮೇಲೆ ಮ್ಯಾಟ್ ಎಂದು ಬರೆದಿತ್ತು. ನಾನು ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಎರಡು ತಾಸಿನಿಂದ ಕುಳಿತು ಮೊಣಕಾಲು ಹಿಡಿದುಕೊಂಡಿತ್ತು. ಎಲ್ಲರೂ ಗಡಿಯಾರ ನೋಡುತ್ತಿದ್ದರು.

"ಮಣ್ಣ ಏನ ಮಾಡ್ತೀರಿ?" ಎಂದು ಎಂಜಿನಿಯರನ್ನು ಕೇಳಿದೆ.

"ತಗದ ಬಾಜೂಕ ಇಡ್ತೇವ್ರಿ ಮಾಸ್ತರ."

"ಆಮ್ಯಾಲೆ?"

"ಆಮ್ಯಾಲಿಂದು ಆಮ್ಯಾಲೆ ನೋಡೂಣ್ರಿ. ಸಹಿ ಮಾಡ್ರಿ, ಊಟದ ಹೊತ್ತಾತು."

ಜಗಳ ಮಾಡಬಹುದಿತ್ತು. ಎದ್ದು ಹೋಗಬಹುದಿತ್ತು. ಹರೆಯದಲ್ಲಾಗಿದ್ದರೆ ನಕ್ಷೆ ಹರಿದು ಹಾಕುತ್ತಿದ್ದೆ. ಆದರೆ ಅವತ್ತು ಯಾರ ಜೊತೆ ಬಾಯಿ ಮಾಡುವುದು, ನಾನೊಬ್ಬ ಹೇಳಿದರೆ ಏನಾಗುತ್ತದೆ ಎನ್ನಿಸಿತು. ಸುಸ್ತಾಗಿತ್ತು. ಸಹಿ ಮಾಡಿದೆ.

ಮಣ್ಣು ತೆಗೆದ ದಿನ ನಾನು ಸವಣೂರಿಗೆ ಮದುವೆಗೆ ಹೋಗಿದ್ದೆ. ಮಾರನೆಯ ದಿನ ಬಂದು ನೋಡಿದರೆ ತಗ್ಗಿನಲ್ಲಿ ಜಲ್ಲಿಕಲ್ಲಿನ ಖಡಿ ಬಿದ್ದಿದೆ. ಪಕ್ಕದಲ್ಲೆಲ್ಲೂ ಮಣ್ಣಿನ ಗುಡ್ಡೆಯಿಲ್ಲ. ಜೆಸಿಬಿಯವನನ್ನು ಹಿಡಿದು ಕೇಳಿದೆ.

"ಅದನ್ರಿ? ಹೈವೇ ಕ್ರಾಸಿನ್ಯಾಗ ಸರ್ವಿಸ್ ರೋಡಿಗೆ ಮಣ್ಣ ಕಡಿಮಿ ಬಿದ್ದಿತ್ರಿ, ಅಲ್ಲಿ ಹಾಕೇವ್ರಿ. ಭಾಳ ಚೊಲೋ ಮಣ್ಣ ನೋಡ್ರಿ. ಹೆಂಗ ಕುಂತೈತಿ ಅಂದ್ರ, ರೋಲರ್ ಹೊಡ್ಯೂದ ಬ್ಯಾಡ ಅನ್ನೂಹಂಗ ಐತಿ."

ಅವನು ಹೊಗಳುತ್ತಲೇ ಇದ್ದ. ಅವನದೇನು ತಪ್ಪು?

ಹಾಲ್ ಉದ್ಘಾಟನೆಗೆ ವಸ್ತಾದರನ್ನು ಕರೆತರುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು. ಫೋನು ಮಾಡಿದರೆ ಅವರು ಕೇಳಿದ್ದು ಒಂದೇ ಮಾತು. "ಮಣ್ಣ ಐತಿಲ್ಲೋ?"

"ಐತ್ರಿ" ಅಂದೆ. ನಾಲಿಗೆಗೆ ಅಷ್ಟು ಸಲೀಸಾಗಿ ಹೇಗೆ ಬಂತೋ ಗೊತ್ತಿಲ್ಲ. "ಹಂಗಾದ್ರ ಬರ್ತೇನಿ" ಅಂದರು.

ಕಾರು ಹಿಡಿದು ಹೋದಾಗ ಧೋತರ ಉಟ್ಟು, ರುಮಾಲು ಸುತ್ತಿ ಬಾಗಿಲಲ್ಲೇ ಕುಳಿತಿದ್ದರು. ಕಾಲ ಬಳಿ ಹಾಲಿನ ಸ್ಟೀಲ್ ಕ್ಯಾನು. "ಎರಡ ದಿನದ ಮಜ್ಜಿಗಿ ಐತಿ. ಅರಿಷಿಣಾ ಹಾಕ್ಸೇನಿ. ಇಷ್ಟ ದಿವಸ ಮುಚ್ಚಿಟ್ಟ ಮಣ್ಣು, ಹದಾ ತಪ್ಪಿರತೈತಿ. ಮೊದಲ ಕುಸ್ತಿಗಿಂತ ಮುಂಚೆ ಚಿಮುಕಸೂಣು" ಅಂದರು. ಕ್ಯಾನು ನನ್ನ ಕೈಗೆ ಕೊಡಲಿಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡೇ ಕುಳಿತರು. ಹಾವೇರಿ ದಾಟುವವರೆಗೂ, ನಿಜ ಹೇಳಿಬಿಡೋಣ ಎಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಅವರು ಹಳೆಯ ಕುಸ್ತಿಯೊಂದರ ಮಾತು ಶುರುಮಾಡಿ ನಕ್ಕರು. ಹೈವೇ ಬಿಟ್ಟು ಬಂಕಾಪುರ ಕ್ರಾಸಿನಲ್ಲಿ ಹೊಸ ಸರ್ವಿಸ್ ರೋಡಿಗೆ ಇಳಿದಾಗ "ರೋಡ ಭಾಳ ನುಣ್ಣಗ ಐತ್ಯಲ್ಲ" ಅಂದರು. ನಾನು ಕಿಟಕಿಯಾಚೆ ನೋಡಿದೆ.

ಹೊಸ ಹಾಲ್‌ನ ಬಾಗಿಲು ಆನೆ ಹೋಗುವಷ್ಟು ಎತ್ತರ. ವಸ್ತಾದರ ಕೈ ಹಿಡಿದು ಹೊಸ್ತಿಲ ಬಳಿ ತಂದೆ. "ಬಾಗಲಾ ಬಂತ್ರಿ" ಎಂದೆ. ಅವರು ಹಳೆಯ ರೂಢಿಯಂತೆ ತಟ್ಟನೆ ನಡು ಬಗ್ಗಿಸಿದರು. ಮೇಲೆ ಏನೂ ಇರಲಿಲ್ಲ. ಬಗ್ಗಿಕೊಂಡೇ ಬಲಗಾಲು ಮುಂದಿಟ್ಟು, ಮೊದಲ ಮೆಟ್ಟಿಲಿಗೆಂದು ಪಾದ ಕೆಳಗೆ ಬಿಟ್ಟರು. ಮೆಟ್ಟಿಲಿಲ್ಲ. ನೆಲ ಅಲ್ಲೇ ಇತ್ತು. ಕಾಲು ಗಕ್ಕನೆ ಬಡಿದು ಮೈಯೆಲ್ಲ ಅಲುಗಿತು. ನಾನು ತಬ್ಬಿ ಹಿಡಿಯದಿದ್ದರೆ ಬೀಳುತ್ತಿದ್ದರು. ಕ್ಯಾನಿನಿಂದ ಅಷ್ಟು ಮಜ್ಜಿಗೆ ತುಳುಕಿ ಟೈಲ್ಸಿನ ಮೇಲೆ ಚೆಲ್ಲಿತು. ಯಾರೋ ಓಡಿಬಂದು ಒರೆಸಿದರು.

ಅವರು ಪಾದ ಎಳೆಯುತ್ತ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದರು. ಕುಕ್ಕರಗಾಲಲ್ಲಿ ಕುಳಿತು, ಕೈ ಚಾಚಿ ಮ್ಯಾಟನ್ನು ಸವರಿದರು. ಉಗುರಿನಿಂದ ಕೆರೆದು ಬೆರಳು ಮೂಸಿದರು. ನಾನು ಪಕ್ಕದಲ್ಲೇ ಕುಳಿತೆ.

"ಕಣ್ಣ ಹೋಗ್ಯಾವಲ್ಲಾ, ಗೊತ್ತಾಗೂದಿಲ್ಲ ಅಂತ ಸುಳ್ಳ ಹೇಳಿದಿ" ಅಂದರು ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ. "ಪಾದ ಅದಾವಲ್ಲೋ ಮಾಸ್ತರ."

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮಾಸ್ತರ ಎಂದು ಕರೆದದ್ದು ಅದೇ ಮೊದಲು. ಯಾವಾಗಲೂ ತಮ್ಮಾ ಎನ್ನುತ್ತಿದ್ದರು.

"ಎಲ್ಲಿ ಹಾಕೀರಿ?"

"ರೋಡಿಗ್ರಿ."

"ಯಾವ ರೋಡಿಗೆ?"

"ಈಗ ಬಂದ್ವಲ್ರಿ. ಕ್ರಾಸಿನ್ಯಾಗ. ಅದಕ್ಕ."

ಅವರು ಬೆರಳು ತಿಕ್ಕಿದರು. "ಹೌದಾ. ಅದಕ್ಕ ನುಣ್ಣಗ ಇತ್ತು" ಅಂದರು. ಆಮೇಲೆ ಭಾಷಣಗಳಾದವು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಹಿಡಿದವನು ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಕಟ್ಟಿದ್ದೇವೆ ಎಂದ. ವಸ್ತಾದರು ಕ್ಯಾನನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕೊನೆಯವರೆಗೂ ಕುಳಿತಿದ್ದರು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಮರಳುವಾಗ ಕ್ರಾಸಿನಲ್ಲಿ ಕಾರು ನಿಲ್ಲಿಸಲೇ ಎಂದು ಕೇಳಿದೆ. "ಯಾಕ?" ಅಂದರು. ಕಾರು ಅದೇ ನುಣ್ಣನೆಯ ರಸ್ತೆಯ ಮೇಲೆ ಹಾಯ್ದು ಹೈವೇ ಹತ್ತಿತು. ಅವರು ಬೈದಿದ್ದರೆ, ಒಂದು ಏಟು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿರೇಕೆರೂರಿನಲ್ಲಿ ಮಗಳ ಮನೆಯ ಮುಂದೆ ಇಳಿದ ಮೇಲೆ ಕ್ಯಾನನ್ನು ನನ್ನ ಕೈಗೆ ಕೊಟ್ಟರು.

"ಮಜ್ಜಿಗಿ ಹುಳಿ ಆಗತೈತಿ, ಮನ್ಯಾಗ ಸಾರಿಗೆ ಹಾಕ್ಸು. ಕ್ಯಾನ್ ತೊಳದ ತಂದ ಕೊಡು. ಮಗಳದು ಅದು."

ಮಜ್ಜಿಗೆ ಕುಡಿಯಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಎರಡು ದಿನ ಇಟ್ಟು ತೆಂಗಿನ ಬುಡಕ್ಕೆ ಸುರಿದೆ. ಕ್ಯಾನು ತೊಳೆದು, ಒರೆಸಿ, ಕಿಟಕಿಯಲ್ಲಿ ಬೋರಲು ಇಟ್ಟಿದ್ದೇನೆ. ಮಳೆಗಾಲ ಮುಗಿಯಿತು, ದೀಪಾವಳಿ ಮುಗಿಯಿತು. ಹೆಂಡತಿ ವಾರಕ್ಕೊಮ್ಮೆ "ಮಂದೀ ಕ್ಯಾನ್ ಎಷ್ಟ ದಿವಸ ಇಟಗೋತೀರಿ, ಕೊಟ್ಟ ಬರ್ರಿ" ಎನ್ನುತ್ತಾಳೆ. ನಾಳೆ ಹೋಗುತ್ತೇನೆ ಎನ್ನುತ್ತೇನೆ. ಹಿರೇಕೆರೂರಿಗೆ ಬೆಳಿಗ್ಗೆಯಿಂದ ಸಂಜೆಯವರೆಗೂ ಬಸ್ಸುಗಳಿವೆ.