ಟೀಚರ ಕೊಟ್ಟಿಗೆ ಮೇಲಿನ ಪಾಚಿ

ಕಂಬಗಳ ನಡುವೆ ಬಟ್ಟೆಯನ್ನು ಬಿಗಿಯಾಗಿ ಎಳೆದು ನೆರಳಿನ ಮಾಡು ಕಟ್ಟಿಕೊಡುವುದು ನನ್ನ ಕೆಲಸ. ಹಾಗೆ ಬಿಕರ್ನಕಟ್ಟೆಯ ಲೀನಾ ಟೀಚರ ಮನೆಗೆ ಹೋದೆ. ಅವರ ಕಾರಿಗೆ ನೆರಳು ಬೇಕಿತ್ತು. ಸ್ಯಾಂಪಲ್ ಪುಸ್ತಕ ಬಿಡಿಸಿ, ಇದ್ದುದರಲ್ಲೇ ದುಬಾರಿಯಾದ ಬಿಳಿ ಬಟ್ಟೆ ತೋರಿಸಿ, "ಮೇಲೆ ವಿಶೇಷ ಕೋಟಿಂಗ್ ಉಂಟು ಟೀಚರ್. ಹದಿನೈದು ವರ್ಷ ಎಂತ ಸಹ ಆಗುದಿಲ್ಲ" ಎಂದು ಚಂದದಲ್ಲಿ ನಗಾಡಿದೆ.

"ಪಾಚಿ?"

"ಬರುದೇ ಇಲ್ಲ."

ಟೀಚರ್ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಕಟ್ಟಿಗೆ ಇಡುವ ಕೊಟ್ಟಿಗೆಗೆ ಹಳೆಯ ಚುನಾವಣೆಯ ಫ್ಲೆಕ್ಸ್ ಹೊದೆಸಿತ್ತು. ಅಭ್ಯರ್ಥಿಯ ಮುಖ ಇಡೀ ಪಾಚಿ ಹಿಡಿದಿತ್ತು, ನಗು ಮಾತ್ರ ಹಾಗೇ ಇತ್ತು.

"ಇವನು ಸಹ ನಮ್ಮ ಜಗಲಿಯಲ್ಲಿ ಕೂತು ಹೀಗೇ ನಗಾಡಿ ಮಾತು ಕೊಟ್ಟದ್ದು. ನಿಮ್ಮ ಬಟ್ಟೆಯ ಒಂದು ತುಂಡನ್ನು ಇವನ ಪಕ್ಕ ಕಟ್ಟಿ ಹೋಗಿ. ಮಳೆಗಾಲ ಮುಗಿಯಲಿ, ಆಮೇಲೆ ನೋಡುವ."

ಮಳೆಗಾಲ ಮುಗಿದ ಮೇಲೆ ಹೆದರಿಕೊಂಡೇ ಹೋದೆ. ನನ್ನ ತುಂಡಿಗೂ ಪಾಚಿ ಬಂದಿತ್ತು ಮಾರಾಯ್ರೆ! ಟೀಚರ್ ಒದ್ದೆ ಬಟ್ಟೆಯೊಂದನ್ನು ಕೈಗೆ ಕೊಟ್ಟರು. ಒರೆಸಿದೆ. ಪಾಚಿ ಹೋಗಿ ಮೊದಲಿನ ಬಿಳಿ ಕಾಣಿಸಿತು.

"ಈಗ ಅವನನ್ನು ಒರೆಸಿ" ಎಂದರು.

ಒರೆಸಿದೆ. ಪಾಚಿಯ ಜೊತೆ ಬಣ್ಣ ಕಿತ್ತು ನಗುವೂ ಅಳಿಸಿ ಹೋಯಿತು.

"ಸರಿ, ನಿಮ್ಮದೇ ಹಾಕುವ. ಆದರೆ ಪಾಚಿ ಬರ್ತದೆ, ಒರೆಸಿದರೆ ಹೋಗ್ತದೆ ಅಂತ ಕೊಟೇಶನ್‌ನಲ್ಲಿ ಬರೆದು ಕೊಡಿ."

ಬರೆದು ಕೊಟ್ಟೆ. ಹದಿನೈದು ವರ್ಷದ ಮಾತನ್ನು ಈಗಲೂ ಎಲ್ಲ ಗಿರಾಕಿಗಳಿಗೆ ಹೇಳ್ತೇನೆ. ಹೇಳುವಾಗ ನಗಾಡುವುದನ್ನು ಮಾತ್ರ ಬಿಟ್ಟಿದ್ದೇನೆ.